ಬೆಳ್ಳಿಹಬ್ಬಕ್ಕೆ ನ್ಯೂಜಿಲೆಂಡ್ ದಾರಿ

ಪ್ರಶ್ನೆ: ನಮ್ಮ ಮದುವೆಗೆ 25 ವರ್ಷ. ನ್ಯೂಜಿಲೆಂಡಿನ ದಕ್ಷಿಣ ದ್ವೀಪವನ್ನು ನಾವೇ ಕಾರು ಓಡಿಸಿಕೊಂಡು ಸುತ್ತುವ ಆಸೆ. ಯಜಮಾನರಿಗೆ ಬಿಪಿ ಇದೆ. ಹೋಗಬಹುದೇ?

ಉತ್ತರ: ಖಂಡಿತ ಹೋಗಿಬನ್ನಿ. ಅಲ್ಲಿಯೂ ಎಡಬದಿಯ ಸಂಚಾರವೇ. ಇಂಗ್ಲಿಷಿನಲ್ಲಿರುವ, ಚಾಲ್ತಿಯಲ್ಲಿರುವ ನಿಮ್ಮ ಡಿಎಲ್ ನಡೆಯುತ್ತದೆ. ಕ್ರೈಸ್ಟ್‌ಚರ್ಚ್‌ನಿಂದ ಕ್ವೀನ್ಸ್‌ಟೌನ್ ಸುಮಾರು 480 ಕಿ.ಮೀ. ಒಂದೇ ದಿನಕ್ಕೆ ಮುಗಿಸಬೇಡಿ, ಟೆಕಾಪೊ ಸರೋವರದ ಬಳಿ ಒಂದು ರಾತ್ರಿ ತಂಗಿ. ವಿಮಾನ ಇಳಿದ ದಿನವಂತೂ ಸ್ಟೇರಿಂಗ್ ಮುಟ್ಟಲೇಬೇಡಿ. ಒಂದೇ ವಾಹನ ಹಿಡಿಸುವ ಸೇತುವೆಗಳು ಸಿಗುತ್ತವೆ. ಫಲಕದಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ಎದುರಿನವರಿಗೆ ದಾರಿ ಬಿಡಿ. ಉಪ್ಪಿನಕಾಯಿ, ಚಟ್ನಿಪುಡಿ ಒಯ್ದರೆ ವಿಮಾನ ನಿಲ್ದಾಣದಲ್ಲಿ ಘೋಷಿಸಿ. ಮುಚ್ಚಿಟ್ಟರೆ 400 ಡಾಲರ್ ದಂಡ. ಹೊರಡುವ ಮುನ್ನ ಯಜಮಾನರು ವೈದ್ಯರನ್ನು ಕಂಡು ಔಷಧ ಚೀಟಿ ಬರೆಸಿಕೊಳ್ಳಲಿ. ಜಲ್ಲಿ ಸಿಡಿದು ಒಡೆಯುವ ಗಾಜಿಗೂ ಬಾಡಿಗೆ ಕಾರಿನ ವಿಮೆ ಇದೆಯೇ ಎಂದು ಕೇಳಿಯೇ ಸಹಿ ಹಾಕಿ.