ಹೊಸ ಮನೆ ಸೋರಿದರೆ ಖರ್ಚು ಯಾರದು?

ಗೃಹಪ್ರವೇಶದ ತೋರಣ ಒಣಗುವ ಮೊದಲೇ ಬಾತ್‌ರೂಮಿನ ಪಕ್ಕದ ಗೋಡೆಯಲ್ಲಿ ತೇವ ಕಾಣಿಸಿತೆ? ಪೇಂಟರ್‌ನನ್ನು ಕರೆಸಬೇಡಿ. ಆ ಕೆಲಸ ಬಿಲ್ಡರ್‌ನದು.

1. ಕೀ ಪಡೆದ ದಿನಾಂಕ ಬರೆದಿಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆಯ ಕಲಂ 14(3) ಆ ದಿನದಿಂದಲೇ ಎಣಿಸುತ್ತದೆ. ಸ್ವಾಧೀನ ಸಿಕ್ಕ 5 ವರ್ಷದೊಳಗೆ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಪುಕ್ಕಟೆ ಸರಿಪಡಿಸಬೇಕು. ತಪ್ಪಿದರೆ ಪರಿಹಾರ ಕೊಡಬೇಕು. ಪಿಲ್ಲರ್, ಬೀಮುಗಳಷ್ಟೇ ಅಲ್ಲ, ಕಳಪೆ ಕೆಲಸ, ಕಳಪೆ ಸಾಮಗ್ರಿಯೂ ಇದರಲ್ಲಿ ಬರುತ್ತವೆ. ‘ಒಂದು ವರ್ಷ ಆಯ್ತಲ್ಲ ಸಾರ್, ವಾರಂಟಿ ಮುಗೀತು’ ಎಂಬ ಮಾತಿಗೆ ಮರುಳಾಗಬೇಡಿ.

2. ಕಣ್ಣುಮುಚ್ಚಿ ಸಹಿ ಹಾಕಬೇಡಿ. ಕೀ ಕೊಡುವಾಗ ‘ಎಲ್ಲವೂ ಸರಿಯಾಗಿದೆ’ ಎಂಬ ಹಾಳೆ ಮುಂದಿಡುತ್ತಾರೆ. ಕಂಡ ಕೊರತೆಗಳನ್ನು ಅದರಲ್ಲೇ ಬರೆದು, ನಂತರ ಸಹಿ ಮಾಡಿ.

3. ಬರವಣಿಗೆಯಲ್ಲೇ ಕೇಳಿ. ಸೈಟ್ ಎಂಜಿನಿಯರ್‌ಗೆ ಹತ್ತು ಸಲ ಫೋನ್ ಮಾಡಿದರೆ ಹನ್ನೊಂದನೆಯ ಸಲವೂ ‘ನಾಳೆ ಕಳಿಸ್ತೀನಿ’ ಎಂದೇ ಬರುತ್ತದೆ. ಆ ಕರೆಗೆ ಸಾಕ್ಷಿ ಎಲ್ಲಿದೆ? ಇಮೇಲ್ ಕಳಿಸಿ, ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ, ರಸೀದಿ ಜೋಪಾನ ಮಾಡಿ.

4. ಬಿರುಕಿಗೆ ಪುಟ್ಟಿ ತುಂಬುವ ಮೊದಲು ಫೋಟೊ ತೆಗೆಯಿರಿ. ಪುಟ್ಟಿ ಬಿದ್ದ ಮೇಲೆ ಬಿರುಕು ಇತ್ತೆಂದು ತೋರಿಸುವುದು ಕಷ್ಟ. ಬಿಲ್ಡರ್‌ಗೆ ಸಂಬಂಧವಿಲ್ಲದ ಸಿವಿಲ್ ಎಂಜಿನಿಯರ್‌ನಿಂದ ವರದಿ ಬರೆಸಿ. ಅದಕ್ಕೆ ಕೊಟ್ಟ ಫೀಸು ದಂಡವಲ್ಲ.

5. ಬಿಲ್ಡರ್ ಕಿವಿಗೊಡದಿದ್ದರೆ ದೂರು ಕೊಡಲು ಎರಡು ಬಾಗಿಲುಗಳಿವೆ. ರಿಪೇರಿ ಮಾಡಿಸಲು ರೇರಾ ಪ್ರಾಧಿಕಾರ, ಪರಿಹಾರಕ್ಕೆ ಅಲ್ಲಿನ ನ್ಯಾಯನಿರ್ಣಯ ಅಧಿಕಾರಿ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇನ್ನೊಂದು ಬಾಗಿಲು ಗ್ರಾಹಕ ಆಯೋಗ. ರೇರಾ ಬಂದಿತೆಂದು ಆ ದಾರಿ ಮುಚ್ಚಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಹೇಳಿದೆ. ಆದರೆ ಅಲ್ಲಿನ ಗಡುವು 2 ವರ್ಷ. ‘ಐದು ವರ್ಷ ಇದೆಯಲ್ಲ’ ಎಂದು ಕೂತರೆ ಈ ಬಾಗಿಲು ಕೈತಪ್ಪೀತು.

6. ಲಿಫ್ಟ್, ಬೇಸ್‌ಮೆಂಟ್, ತಾರಸಿ ಎಲ್ಲರ ಸ್ವತ್ತು. ಅವುಗಳ ದೂರು ನಿವಾಸಿಗಳ ಸಂಘದಿಂದಲೇ ಹೋಗಲಿ.

7. ಸ್ವಂತ ಸೈಟಿನಲ್ಲಿ ಮೇಸ್ತ್ರಿಯಿಂದಲೋ ಕಾಂಟ್ರಾಕ್ಟರ್‌ನಿಂದಲೋ ಕಟ್ಟಿಸಿಕೊಂಡ ಮನೆಗೆ ರೇರಾ ಆಸರೆಯಿಲ್ಲ. ಅಲ್ಲಿ ಕರಾರುಪತ್ರವೇ ಆಧಾರ, ಜಗಳ ಬಂದರೆ ಗ್ರಾಹಕ ಆಯೋಗ. ಹಾಗಾಗಿ ಪಾಯ ತೋಡುವ ಮೊದಲೇ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಕೊನೆಯ ಕಂತು, ಮನೆ ಒಂದು ಮಳೆಗಾಲ ಕಂಡ ಮೇಲೆ.