ಮೀನುಮರಿಯ ಲೆಕ್ಕಕ್ಕೆ ಮೊದಲು ತಳಿ ಕೇಳಿ

ಪುಣೆ ಜಿಲ್ಲೆಯ ಲೋನಾವಳದಲ್ಲಿ ಟಾಟಾ ಕಂಪನಿಯ ಮಹಶೀರ್ ಮೀನಿನ ಮರಿ ಕೇಂದ್ರವಿದೆ. ದಖನ್ನಿನ ಈ ಮಹಶೀರನ್ನು 1839ರಲ್ಲಿ ಕರ್ನಲ್ ಸೈಕ್ಸ್ ವಿಜ್ಞಾನಕ್ಕೆ ಪರಿಚಯಿಸಿದ್ದು ಪುಣೆಯ ಮುಳಾ-ಮುಠಾ ನದಿಯ ಮೀನು ನೋಡಿ. 1970ರ ದಶಕದಲ್ಲಿ ಕೃತಕವಾಗಿ ಮರಿ ಮಾಡಿಸುವುದು ಕೈಹತ್ತಿದ ಮೇಲೆ ಲೋನಾವಳದ ಮರಿಗಳು ದೂರದೂರದ ನದಿಗಳನ್ನು ಸೇರಿದವು. ಕಾವೇರಿಗೂ ಬಂದವು. ಅಲ್ಲಿ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಬೇರೆಯೇ ಮಹಶೀರ್ ಇತ್ತು. ಇಂದು ಗಾಳಕ್ಕೆ ಸಿಗುವುದು ಹೆಚ್ಚಾಗಿ ನೀಲಿ ರೆಕ್ಕೆಯ ಹೊಸಬ. ಕಾವೇರಿಯ ಮೂಲ ಮಹಶೀರ್ 2018ರಿಂದ ಅಳಿವಿನ ತೀರಾ ಅಂಚಿನ ಪಟ್ಟಿಯಲ್ಲಿದೆ. ಅಣೆಕಟ್ಟು, ಮರಳುಗಾರಿಕೆಗಳ ಪಾಲೂ ಇದರಲ್ಲಿದೆ. ಆದರೂ ಯಾವ ನೀರಿಗೆ ಯಾವ ಮರಿ ಎಂಬ ಪ್ರಶ್ನೆ ಎದ್ದದ್ದು ತೀರಾ ತಡವಾಗಿ.

ಕೆರೆ, ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು ಸಾಕುವವರೂ ಮರಿಯ ಮೂಲ ಕೇಳುವುದು ಕಡಿಮೆ. ಮರಿ ಚುರುಕಾಗಿದೆಯೇ, ಸಾವಿರಕ್ಕೆ ಎಷ್ಟು, ಅಷ್ಟೇ ಮಾತು.

ಒಂದು ಕಿಲೊ ತೂಕದ ಹೆಣ್ಣು ರೋಹು ಸುಮಾರು 2 ಲಕ್ಷ ಮೊಟ್ಟೆ ಇಡಬಲ್ಲದು. ಹೀಗಾಗಿ ಬೆರಳೆಣಿಕೆಯ ತಾಯಿಮೀನುಗಳಿಂದಲೇ ಇಡೀ ಹಂಗಾಮಿನ ವ್ಯಾಪಾರ ನಡೆದುಹೋಗುತ್ತದೆ. ತೊಂದರೆ ಶುರುವಾಗುವುದು ಇಲ್ಲೇ. ಅಣ್ಣ-ತಂಗಿ ಮೀನುಗಳೇ ಕೂಡಿ, ಮುಂದಿನ ಪೀಳಿಗೆಯಲ್ಲಿ ಬೆಳವಣಿಗೆ ಕುಂಠಿತವಾಗುತ್ತದೆ, ಅಂಗವಿಕಲ ಮರಿಗಳು ಹೆಚ್ಚುತ್ತವೆ. ಕರ್ನಾಟಕದ 18 ಮರಿ ಕೇಂದ್ರಗಳನ್ನು ಪರಿಶೀಲಿಸಿದ ಏಕನಾಥ್ ಮತ್ತು ಡಾಯ್ಲ್ ಅವರ 1990ರ ಅಧ್ಯಯನದ ಅಂದಾಜಿನಂತೆ, ಈ ಒಳಸಂತಾನದ ಪ್ರಮಾಣ ವರ್ಷಕ್ಕೆ ಶೇ 2ರಿಂದ 17ರಷ್ಟಿತ್ತು. ಚೆನ್ನಾಗಿ ಬೆಳೆದದ್ದನ್ನೆಲ್ಲ ಮಾರಿ, ಉಳಿದ ಸಣಕಲು ಮೀನನ್ನು ತಾಯಿಮೀನಾಗಿ ಇಟ್ಟುಕೊಳ್ಳುವ ರೂಢಿಯೂ ಕೆಲವೆಡೆ ಉಂಟು. ಇದು ನಿಧಾನ ಬೆಳೆಯುವ ಗುಣವನ್ನೇ ಆರಿಸಿ ಬಿತ್ತಿದಂತೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ. 1992ರಲ್ಲಿ ನಾರ್ವೆಯ ತಜ್ಞರ ಜೊತೆ ಸೇರಿ ಗಂಗಾ, ಯಮುನಾ, ಗೋಮತಿ, ಸಟ್ಲೆಜ್, ಬ್ರಹ್ಮಪುತ್ರಾ ನದಿಗಳ ರೋಹುಗಳನ್ನು ಕೂಡಿಸಿತು. ಪ್ರತಿ ಕುಟುಂಬದ ಮರಿಯನ್ನೂ ಗುರುತು ಹಾಕಿ ಬೆಳೆಸಿ, ತೂಗಿ ನೋಡಿ ಆರಿಸಿತು. ಪೀಳಿಗೆಗೆ ಸರಾಸರಿ ಶೇ 17ರಷ್ಟು ಬೆಳವಣಿಗೆ ಹೆಚ್ಚಿತು. ಜಯಂತಿ ರೋಹು ಬಂದದ್ದು ಹೀಗೆ. ಐದು ನದಿಗಳ ವೈವಿಧ್ಯ ಕೈಯಲ್ಲಿರದಿದ್ದರೆ ಆರಿಸಲು ಏನಿರುತ್ತಿತ್ತು?

ತಳಿಯ ಪ್ರಶ್ನೆ ಗೆಂಡೆಗೂ ಇದೆ. ನಮ್ಮಲ್ಲಿ ಸಾಮಾನ್ಯ ಗೆಂಡೆ ಚಿಕ್ಕದಿರುವಾಗಲೇ ಮೊಟ್ಟೆಗೆ ನಿಲ್ಲುತ್ತದೆ, ತಿಂದ ಮೇವೆಲ್ಲ ಮಾಂಸವಾಗುವುದಿಲ್ಲ. ಅದಕ್ಕೇ ಬೆಂಗಳೂರು ಬಳಿಯ ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಹಂಗೇರಿ ಮೂಲದ ಅಮೂರ್ ಗೆಂಡೆಯನ್ನು ತಂದು ಪರೀಕ್ಷಿಸಿತು.

ಜಯಂತಿಯಾಗಲಿ, ಅಮೂರ್ ಆಗಲಿ, ಹೆಸರು ಕೇಳಿಯೇ ಮರುಳಾಗಬೇಡಿ. ತಾಯಿಮೀನು ಎಲ್ಲಿಂದ ತಂದದ್ದು, ಎಷ್ಟು ಜೋಡಿ ಇವೆ, ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳಿ. ಉತ್ತರ ಸಿಗದಿದ್ದರೆ ಬೇರೆ ಕೇಂದ್ರ ನೋಡಿ.