ಹಿಂಬರಹ ಕೈಯಲ್ಲಿರಲಿ, ಮಗಳೇ

ಕಾವೇರಿ,

ಹೂಮಳೆ ಈ ಸಲ ಹೊತ್ತಿಗೆ ಸರಿಯಾಗಿ ಬಂತು, ತೋಟವೆಲ್ಲ ಬೆಳ್ಳಗಾಗಿದೆ. ನೀನು ಬೆಂಗಳೂರಿನಲ್ಲಿ ಹೊಟ್ಟೆಗೆ ಏನು ತಿನ್ನುತ್ತೀಯೋ ಅಂತ ದೊಡ್ಡಮ್ಮನಿಗೆ ದಿನಾ ಚಿಂತೆ.

ನನ್ನ ಚಿಂತೆ ಬೇರೆ. ಹಾಡಿಯ ಆದಿವಾಸಿಗಳ ಅರಣ್ಯ ಹಕ್ಕಿನ ಅರ್ಜಿ ತಿರಸ್ಕಾರವಾಯಿತು, ಇನ್ನು ಇಲ್ಲಿ ಯಾರನ್ನೂ ಕೇಳುವುದಿಲ್ಲ, ನೇರ ವಿಶ್ವಸಂಸ್ಥೆಗೇ ಬರೆಯುತ್ತೇವೆ ಅಂತ ಫೋನಿನಲ್ಲಿ ಅಂದೆಯಲ್ಲ. ನಿನ್ನ ಸಿಟ್ಟು ನ್ಯಾಯವಾದದ್ದೇ. 2016ರ ಡಿಸೆಂಬರಿನ ಚಳಿಯಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ ಮೇಲೆ ಆ ಜನಕ್ಕೆ ಬಸವನಹಳ್ಳಿಯಲ್ಲೋ ಬ್ಯಾಡಗೊಟ್ಟದಲ್ಲೋ ಸೂರು ಸಿಗಲು ಎಷ್ಟು ಹೋರಾಡಬೇಕಾಯಿತು ಅಂತ ಜಿಲ್ಲೆಗೆಲ್ಲ ಗೊತ್ತು. ಸಿಟ್ಟು ಬಿಡು ಅಂತ ನಾನು ಹೇಳುವುದಿಲ್ಲ. ದಾರಿ ನೋಡಿಕೊಂಡು ನಡೆ ಅಂತೀನಿ, ಅಷ್ಟೇ.

ನೀನಿನ್ನೂ ಹುಟ್ಟಿರದ ಕಾಲದ ಮಾತು. ನಾಗರಹೊಳೆ ಕಾಡಿನೊಳಗೆ ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಸರ್ಕಾರವೇ ಜಾಗ ಗುತ್ತಿಗೆ ಕೊಟ್ಟಿತ್ತು. ಅಲ್ಲೇ ಹುಟ್ಟಿ ಬೆಳೆದ ಜೇನುಕುರುಬರು, ಯರವರು ಸೌದೆ ಆಯ್ದರೆ ತಪ್ಪು, ರೆಸಾರ್ಟ್ ಎದ್ದರೆ ತಪ್ಪಲ್ಲ! ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿಯವರು ಹೈಕೋರ್ಟಿಗೆ ಹೋದರು. ಕೇಂದ್ರದ ಪೂರ್ವಾನುಮತಿ ಇಲ್ಲದ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಅಂತ 1997ರಲ್ಲಿ ತೀರ್ಪು ಬಂತು. ರೆಸಾರ್ಟ್ ನಿಂತುಹೋಯಿತು.

ಮರುವರ್ಷ, 1998ರಲ್ಲಿ, ಅದೇ ಸಮಿತಿ ವಿಶ್ವಬ್ಯಾಂಕಿನ ತನಿಖಾ ಮಂಡಳಿಯ ಬಾಗಿಲು ತಟ್ಟಿತು. ಬ್ಯಾಂಕಿನ ಹಣದ ಪರಿಸರ ಅಭಿವೃದ್ಧಿ ಯೋಜನೆ ತಮ್ಮನ್ನು ಕೇಳದೆ ರೂಪುಗೊಂಡಿದೆ, ಕಾಡಿನಿಂದ ಹೊರಗೆ ಹಾಕುವ ದಾರಿಯದು ಅಂತ ದೂರು. ತನಿಖೆ ಆಗಬೇಕು ಅಂತ ಮಂಡಳಿ ಶಿಫಾರಸು ಮಾಡಿತು. ಬ್ಯಾಂಕಿನ ನಿರ್ದೇಶಕರು ಒಪ್ಪಲಿಲ್ಲ. ನಮ್ಮ ಕಷ್ಟ ಹೊರಗಿನವರ ಕಿವಿಗೆ ಬಿತ್ತು ಅನ್ನುವುದು ಸಣ್ಣ ಮಾತಲ್ಲ ನಿಜ, ಆದರೆ ತಡೆಯುವ ಆಜ್ಞೆ ಸಿಕ್ಕಿದ್ದು ಬೆಂಗಳೂರಿನ ಕೋರ್ಟಿನಲ್ಲಿ. ನನಗೆ ಇದು ಮರೆಯದು.

ಕಾನೂನು ಓದಿದವಳು ನೀನು, ನಾನು ಹೇಳಬೇಕಿಲ್ಲ. ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ ಭಾರತ 1979ರಲ್ಲಿ ಸೇರಿತು. ಒಬ್ಬೊಬ್ಬ ಪ್ರಜೆಯೂ ದೂರು ಕೊಡಲು ಅವಕಾಶವಿರುವ ಅದರ ಐಚ್ಛಿಕ ಪ್ರೋಟೋಕಾಲಿಗೆ ಇಂದಿಗೂ ಸೇರಿಲ್ಲ. ಸೇರಿದ್ದರೂ ಅಲ್ಲಿಯವರ ಮೊದಲ ಪ್ರಶ್ನೆ ಇದೇ: ನಿಮ್ಮ ದೇಶದಲ್ಲಿ ಇರುವ ಪರಿಹಾರವನ್ನೆಲ್ಲ ಕೇಳಿ ಮುಗಿಸಿದಿರಾ? ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಕೋರ್ಟೂ ತವರಿನ ಕೊನೆಯ ತೀರ್ಪು ಕೈಗೆ ಬಂದ 4 ತಿಂಗಳೊಳಗೆ ಬನ್ನಿ ಅನ್ನುತ್ತದೆಯೇ ಹೊರತು ಅದಕ್ಕೆ ಮೊದಲೇ ಬನ್ನಿ ಅನ್ನುವುದಿಲ್ಲ. ವಿಶ್ವಸಂಸ್ಥೆಯ ವಿಶೇಷ ವರದಿಗಾರರಿಗೆ ಈ ಕಟ್ಟಳೆಯಿಲ್ಲದೆ ಬರೆಯಬಹುದು. ಅವರು ದೆಹಲಿಗೆ ಪತ್ರ ಹಾಕುತ್ತಾರೆ, ಆಜ್ಞೆ ಮಾಡಲಾರರು. ಪರಿಹಾರ ಅತಿ ವಿಳಂಬವಾದರೆ ಕಾಯಬೇಕಿಲ್ಲ ಎಂಬ ವಿನಾಯಿತಿಯೂ ಉಂಟು ಅನ್ನುತ್ತೀಯಾ? ಉಂಟು ಮಗಳೇ. ವಿಳಂಬವಾಯಿತು ಅಂತ ತೋರಿಸಲು ತಾರೀಖು ಬೇಕಲ್ಲ?

ಹೋದ ತಿಂಗಳು ಹಾಡಿಗೆ ಹೋಗಿದ್ದಾಗ ಒಬ್ಬ ಅಜ್ಜಿ ಸೂರಿನ ಗಳಕ್ಕೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಕವರ್ ತೆಗೆದು ಅರ್ಜಿಯ ಜೆರಾಕ್ಸ್ ತೋರಿಸಿದರು. ಮಡಿಕೆಯಲ್ಲಿ ಹರಿದಿತ್ತು. ಹೆಬ್ಬೆಟ್ಟಿತ್ತು, ಕಚೇರಿಯ ಸೀಲಿರಲಿಲ್ಲ, ತಾರೀಖೂ ಇರಲಿಲ್ಲ. ಅವರನ್ನು ಏನಂತ ಬೈಯಲಿ? ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟು ಸ್ವೀಕೃತಿ ಕೇಳದೆ ಬಂದವನೇ ನಾನೂ. ಆಮೇಲೆ ಮೊದಲಿಂದ ಶುರು ಮಾಡಬೇಕಾಯಿತು.

ಆದ್ದರಿಂದ ಒಂದೇ ಮಾತು: ಬಾಯಿಮಾತಿನ ಉತ್ತರ ಒಪ್ಪಬೇಡ, ಪ್ರತಿ ಮೆಟ್ಟಿಲಲ್ಲೂ ಹಿಂಬರಹ ತೆಗೆದುಕೋ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆ, ಉಪವಿಭಾಗ ಮಟ್ಟದ ಸಮಿತಿ, ಜಿಲ್ಲಾ ಮಟ್ಟದ ಸಮಿತಿ. ಆಮೇಲೆ 226ನೇ ವಿಧಿಯಡಿ ಹೈಕೋರ್ಟು. ತಿರಸ್ಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು ಅಂತ ನಿಯಮವೇ ಇದೆ. ಊರ ಹಿರಿಯರ ಹೇಳಿಕೆ ಬರೆಸಿಕೊಂಡರೆ ಅದೂ ಸಾಕ್ಷ್ಯ, ಹಳೆಯ ಸಮಾಧಿ ಸ್ಥಳವೂ ಸಾಕ್ಷ್ಯ. ಆ ಅಜ್ಜಿಯ ಮಾತನ್ನು ಯಾರಾದರೂ ಬರೆದುಕೊಂಡಿದ್ದಾರಾ? ಕಾಗದ ಸರಿಯಾಗಿದ್ದರೆ ಇಲ್ಲೇ ಗೆಲ್ಲಬಹುದು. ಸೋತರೆ ಅದೇ ಕಡತ ಜಿನೀವಾದ ವಿಶ್ವಸಂಸ್ಥೆಗೂ ಹೋಗುತ್ತದೆ.

ಉಪವಿಭಾಗ ಸಮಿತಿ ನಿಮ್ಮ ಅರ್ಜಿ ತಿರಸ್ಕರಿಸಿದ ತಾರೀಖು ಯಾವುದು ಅಂತ ಈ ಪತ್ರ ಕಂಡ ಕೂಡಲೇ ಫೋನ್ ಮಾಡಿ ಹೇಳು. ಜಿಲ್ಲಾ ಸಮಿತಿಗೆ ಹೋಗಲು ಇರುವುದು 60 ದಿನ.

ಇತಿ ನಿನ್ನ,
ದೊಡ್ಡಪ್ಪ